ಎರಡನೇ ಮಳೆಯ ಒಂಬತ್ತನೇ ದಿನ

ಚನ್ನಪಟ್ಟಣದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಧನಲಕ್ಷ್ಮಿಯ ಸ್ಟುಡಿಯೋ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಮುಂದೊಂದು ಗಾಜಿನ ಬೀರು, ನಡುವೆ ಪರದೆ, ಪರದೆಯ ಹಿಂದೆ ನೀಲಿ ಬಣ್ಣದ ಗೋಡೆ ಮತ್ತು ಒಂದು ಸ್ಟೂಲು. ಬಿಡದಿಯ ಕಡೆ ವರ್ಷಕ್ಕೆರಡರಂತೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ಗುರುತಿನ ಚೀಟಿ ಬೇಕು, ಚೀಟಿಗೆ ಮುಖ ಬೇಕು. ಹಾಗಾಗಿ ಆ ಸ್ಟೂಲಿನ ಮೇಲೆ ಕೂತು ಉಸಿರು ಬಿಗಿಹಿಡಿಯದ ಹುಡುಗರು ತಾಲ್ಲೂಕಿನಲ್ಲಿ ಕಡಿಮೆ.

ಅವಳಿಗೆ ಕೆಲಸ ಕಲಿಸಿದವರು ಖಾಸಿಂ ಸಾಬರು. ಪಿಯುಸಿ ಮುಗಿಸಿ, ಅವರ ಸ್ಟುಡಿಯೋದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಕಲೆ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಒಮ್ಮೆ ಸಾಬರ ತಂಗಿ ಬದ್ರುನ್ನೀಸಾ ಮಗಳ ಮದುವೆ ಬಂತು. ಹೆಂಗಸರ ಕಡೆ ಗಂಡಸರು ಕಾಲಿಡುವಂತಿರಲಿಲ್ಲ. ಸಾಬರು ಕ್ಯಾಮೆರಾ ತಂದು ಧನಲಕ್ಷ್ಮಿಯ ಕೊರಳಿಗೆ ಹಾಕಿ, "ಹೋಗಮ್ಮ, ಬೆಳಕು ನೋಡ್ಕೊ, ಉಳಿದದ್ದು ಅದೇ ಬರುತ್ತೆ" ಎಂದರು. ಆ ಮದುವೆಯ ಆಲ್ಬಂ ಮನೆಯಿಂದ ಮನೆಗೆ ಹೋಯಿತು. ಅಲ್ಲಿಂದಾಚೆ ರಾಮನಗರದಿಂದ ಮಾಗಡಿವರೆಗೆ ಹೆಂಗಸರ ಕಾರ್ಯ ಎಲ್ಲಿದ್ದರೂ ಅವಳನ್ನೇ ಕರೆಯತೊಡಗಿದರು. ಸಾಬರಿಗೆ ವಯಸ್ಸಾದಾಗ ಸ್ಟುಡಿಯೋವನ್ನೂ ಅವಳಿಗೇ ಬಿಟ್ಟುಕೊಟ್ಟರು.

ಅವಳ ಗಂಡ ಮುನಿಕೃಷ್ಣ ಬಿಡದಿಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಮಾತು ಕಡಿಮೆ. ಹೆಂಡತಿ ಹಳೇ ಲೆನ್ಸ್ ಒಂದನ್ನು ಕೊಂಡುಕೊಳ್ಳುತ್ತೇನೆ ಎಂದಾಗಲೂ, "ದೂರದ್ದು ಹತ್ರ ಕಾಣ್ತದಾ?" ಎಂದಷ್ಟೇ ಕೇಳಿದ್ದ. ಕಾಣುತ್ತದೆ ಅಂದಾಗ, "ಹಂಗಾರೆ ತಗೊ" ಅಂದಿದ್ದ.

ಆ ಲೆನ್ಸ್ ಯಾಕೆ ಬೇಕಿತ್ತು ಅಂದರೆ, ಧನಲಕ್ಷ್ಮಿಗೆ ಕಾಡಿನ ಚಿತ್ರ ತೆಗೆಯುವ ಆಸೆ ಹತ್ತಿತ್ತು. ಹತ್ತಿಸಿದವರು ರಾಮನಗರದ ಅನಂತರಾಜು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಊರಿನ ಛಾಯಾಚಿತ್ರ ಸಂಘಕ್ಕೆ ಅವರೇ ಅಧ್ಯಕ್ಷರು. ಸಂಘದಲ್ಲಿದ್ದ ಹದಿನಾಲ್ಕು ಜನರಲ್ಲಿ ಧನಲಕ್ಷ್ಮಿ ಒಬ್ಬಳೇ ಹೆಂಗಸು, ಫೋಟೋ ತೆಗೆದೇ ಅನ್ನ ತಿನ್ನುವವಳೂ ಅವಳೊಬ್ಬಳೇ. ಉಳಿದವರಿಗೆ ಅದು ಭಾನುವಾರದ ಹವ್ಯಾಸ. ಮೊದಲ ದಿನ ಅನಂತರಾಜು, "ತಂದೆ ಏನು ಮಾಡ್ತಾರಮ್ಮ?" ಎಂದು ಕೇಳಿದಾಗ ಅವಳು "ವ್ಯವಸಾಯ ಸಾರ್" ಅಂದಿದ್ದಳು. ಅದು ಅರ್ಧ ನಿಜ. ತುಂಡು ಹೊಲ ಮಾಡಿಕೊಂಡಿದ್ದ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅವ್ವ ಚಿಕ್ಕಲಕ್ಷ್ಮಮ್ಮ ಅಕ್ಕೂರಿನಲ್ಲಿ ಮೂವತ್ತು ವರ್ಷ ಊರವರ ದನ ಕಾದವಳು.

ಎರಡು ಸಾವಿರದ ನಾಲ್ಕರಲ್ಲಿ ಸಂಘದವರು ಶಿವರಾತ್ರಿ ರಜೆಗೆ ಬಂಡೀಪುರಕ್ಕೆ ಹೊರಟರು. ಮುನಿಕೃಷ್ಣನೂ ರಜೆ ಹಾಕಿ ಜೊತೆಗೆ ಬಂದ. ಕಾಡೆಲ್ಲ ಒಣಗಿ ಬೂದಿಬಣ್ಣವಾಗಿತ್ತು. ವ್ಯಾನಿನ ಮುಂದೆ ದೂಳು, ಹಿಂದೆ ದೂಳು. ಪ್ರಾಣಿಗಳೆಲ್ಲ ನೀರಿರುವ ಹಳ್ಳದ ಒಳಗೆಲ್ಲೋ ಸೇರಿದ್ದವು. ಧನಲಕ್ಷ್ಮಿಗೆ ದಕ್ಕಿದ್ದು ಒಂದು ನವಿಲಿನ ಬೆನ್ನು. ಮಾರನೇ ವರ್ಷ, "ಈ ಸಲ ಮಳೆ ಆಗ್ಲಿ, ಹಸಿರು ಬರ್ಲಿ" ಎಂದು ಯುಗಾದಿ ರಜೆಗೆ ಹೋದರು. ಮಳೆ ಆಗಿತ್ತು, ಹಸಿರೂ ಬಂದಿತ್ತು. ಎಷ್ಟು ಬಂದಿತ್ತೆಂದರೆ ಲಂಟಾನದ ಪೊದೆ ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ಆನೆ ರಸ್ತೆ ದಾಟಿತು. ಅವಳು ಫೋಕಸ್ ಮಾಡುವಷ್ಟರಲ್ಲಿ ಅದರ ಬಾಲ ಮಾತ್ರ ಉಳಿದಿತ್ತು.

ವಾಪಸು ಬಂದ ವಾರ ಅವಳು ಅಕ್ಕೂರಿಗೆ ಹೋದಳು. ಚಿಕ್ಕಲಕ್ಷ್ಮಮ್ಮ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅವಳು ದನ ಕಾಯುವುದು ಬಿಟ್ಟು ನಾಕು ವರ್ಷವಾಗಿತ್ತು. ಊರಲ್ಲಿ ದನವೇ ಕಮ್ಮಿಯಾಗಿ ಟ್ರ್ಯಾಕ್ಟರ್ ಬಂದಿತ್ತು, ಗೋಮಾಳದ ಅರ್ಧಕ್ಕೆ ಯಾರೋ ತಂತಿ ಬೇಲಿ ಹಾಕಿದ್ದರು. ಮಗಳು ತನ್ನ ಎರಡು ವರ್ಷದ ಕಥೆ ಹೇಳಿಕೊಂಡಾಗ ಅವಳು ಕೈ ನಿಲ್ಲಿಸಿ ಕೇಳಿದಳು.

"ಆ ಕಾಡ್ನಲ್ಲಿ ಬೆಂಕಿ ಹಾಕ್ತಾರಾ?"

"ಹಾಕ್ತಾರೆ ಅವ್ವ. ಫಾರೆಸ್ಟ್‌ನೋರೇ ಚಳಿಗಾಲದ ಕೊನೇಲಿ ರಸ್ತೆ ಎರಡೂ ಕಡೆ ಹುಲ್ಲು ಸುಡ್ತಾರೆ. ಆಮೇಲೆ ಕಾಡಿಗೆ ಬೆಂಕಿ ಬಿದ್ರೆ ಹಬ್ಬಬಾರ್ದು ಅಂತ. ಬೆಂಕಿ ರೇಖೆ ಅಂತಾರೆ."

"ಅಯ್ಯೋ ನನ್ನ ಮಗಳೇ! ಮತ್ತೆ ನೀನು ಶಿವರಾತ್ರೀಲಿ ಹೋಗಿ ಬೂದಿ ನೋಡಿದೀಯ, ಯುಗಾದೀಲಿ ಹೋಗಿ ಪೊದೆ ನೋಡಿದೀಯ. ನಡುವೆ ಒಂದ್ವಾರ ಐತಲ್ಲ, ಅದು ನಿಂದು."

ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಅವಳು ವಿವರಿಸಿದಳು. ಸುಟ್ಟ ನೆಲಕ್ಕೆ ಮೊದಲನೇ ಮಳೆ ಬಿದ್ದರೆ ಅದು ನೆಲದ ಕಾವಿಗೆ ಸರಿಹೋಗುತ್ತದೆ. ಎರಡನೇದು ಬೇರಿಗೆ ಇಳಿಯುತ್ತದೆ. ಎರಡನೇ ಮಳೆಯಿಂದ ಎಣಿಸಬೇಕು. ಮೂರನೇ ದಿನಕ್ಕೆ ಕಪ್ಪು ನೆಲದಲ್ಲಿ ಸೂಜಿಮೊನೆ ಕಾಣುತ್ತದೆ. ಆರನೇ ದಿನಕ್ಕೆ ಗೇಣಲ್ಲಿ ಕಾಲು ಭಾಗ. ಒಂಬತ್ತನೇ ದಿನಕ್ಕೆ ದನದ ನಾಲಿಗೆಗೆ ಸಿಗುತ್ತದೆ. ಆಗ ಸುಡದೇ ಇರುವ ಕಡೆ ಹಳೇ ಒಣಹುಲ್ಲೇ ನಿಂತಿರುತ್ತೆ. ಹಾಗಾಗಿ ಇದ್ದಬದ್ದ ದನವೆಲ್ಲ ಸುಟ್ಟ ಪಟ್ಟಿಗೇ ಬಂದು ಬೀಳುತ್ತವೆ.

"ಹದಿನೈದು ದಿನ ಕಳೀತು ಅಂದ್ರೆ ಎಲ್ಲಾ ಕಡೆ ಹಸ್ರು ಬಂದ್ಬುಡ್ತದೆ. ಆಗ ದನ ಚದುರಿ ಹೋಯ್ತವೆ, ಕೂಗಿದ್ರೂ ಬರಾಕಿಲ್ಲ. ಊರ ದನ ಆದ್ರೇನು, ಕಾಡ ದನ ಆದ್ರೇನು, ಹೊಟ್ಟೆ ಒಂದೇ ಕಣವ್ವ."

ಧನಲಕ್ಷ್ಮಿ ಆ ರಾತ್ರಿ ಬಸ್ಸಿನಲ್ಲಿ ವಾಪಸು ಬರುತ್ತಾ ಎಣಿಸುತ್ತಲೇ ಬಂದಳು. ಇನ್ನು ಹನ್ನೊಂದು ತಿಂಗಳು ಕಾಯಬೇಕಿತ್ತು.

ಕಷ್ಟವೊಂದಿತ್ತು. ಬಂಡೀಪುರದಲ್ಲಿ ಮಳೆ ಯಾವಾಗ ಬಿತ್ತು ಅಂತ ಚನ್ನಪಟ್ಟಣದಲ್ಲಿ ಕೂತು ತಿಳಿಯುವುದು ಹೇಗೆ? ಪೇಪರಿನಲ್ಲಿ ಬರುವುದು ಮೈಸೂರಿನ ಮಳೆ. ಕಾಡಂಚಿನಲ್ಲಿ ಊಟಿ ರಸ್ತೆಯ ಪಕ್ಕ ಚೆಲುವಯ್ಯ ಅನ್ನುವವನ ಟೀ ಅಂಗಡಿಯಿತ್ತು. ಎರಡು ಸಲವೂ ಅಲ್ಲಿ ಟೀ ಕುಡಿದಿದ್ದಳು, ಅಂಗಡಿಯಲ್ಲೊಂದು ಕಾಯಿನ್ ಫೋನೂ ಇತ್ತು. ಎರಡು ಸಾವಿರದ ಆರರ ಮಾರ್ಚ್ ಹುಟ್ಟುತ್ತಲೇ ಅವಳು ಅಲ್ಲಿಗೆ ದಿನಾ ಫೋನ್ ಮಾಡತೊಡಗಿದಳು.

"ಅಣ್ಣ, ಮಳೆ ಬಂತಾ?"

"ಇಲ್ಲ ಕಣಕ್ಕ, ಮೋಡ ಐತೆ ಅಷ್ಟೇ."

ಏಳೆಂಟು ದಿನ ಇದೇ ಮಾತು. ಕೊನೆಗೊಂದು ಸೋಮವಾರ ಚೆಲುವಯ್ಯನೇ ಕೂಗಿಕೊಂಡ. "ನೆನ್ನೆ ಸಂಜೆ ಬಂತು ಅಕ್ಕ! ಆಲಿಕಲ್ಲು ಬಿತ್ತು!" ಅವಳು ಇನ್ನೊಂದು ಮಳೆಗೆ ಕಾಯುತ್ತೇನೆ ಎಂದಾಗ ಅವನಿಗೆ ಅರ್ಥವಾಗಲಿಲ್ಲ. ಆ ಶುಕ್ರವಾರ ಎರಡನೆಯದೂ ಬಂತು, "ಹೊಲಕ್ಕೆ ನೇಗಿಲು ಇಳಿಯೋ ಹಂಗೆ" ಬಂತು ಅಂತ ಚೆಲುವಯ್ಯ ಹೇಳಿದ. ಧನಲಕ್ಷ್ಮಿ ಬೆರಳು ಮಡಿಚಿದಳು. ಒಂಬತ್ತನೇ ದಿನ ಅಂದರೆ ಬರುವ ವಾರದ ಶನಿವಾರ, ಯುಗಾದಿಗೆ ಐದು ದಿನ ಮುಂಚೆ.

ಸಂಘದವರು ಆ ವರ್ಷವೂ ಯುಗಾದಿಗೇ ಕೊಠಡಿ ಕಾದಿರಿಸಿದ್ದರು. ಅವಳು ಅನಂತರಾಜು ಮನೆಗೆ ಹೋಗಿ ವಿಷಯ ಹೇಳಿದಳು.

"ಸಾರ್, ಒಂದೈದು ದಿನ ಮುಂಚೆ ಇಟ್ಕೊಳ್ಳಿ. ಯುಗಾದಿಗೆ ಹೋದ್ರೆ ತಡ ಆಗುತ್ತೆ."

ಅನಂತರಾಜು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುತ್ತಾರಲ್ಲ ಹಾಗೆ. "ಏನಮ್ಮ ಧನಲಕ್ಷ್ಮಿ, ಪಂಚಾಂಗ ಏನಾದ್ರೂ ನೋಡಿದ್ಯಾ? ಕಾಡಿನ ಪ್ರಾಣಿ ತಾರೀಖು ನೋಡ್ಕೊಂಡು ಬರೋದಿಲ್ಲ. ಅದೆಲ್ಲ ಅದೃಷ್ಟ."

ಇದನ್ನು ಹೇಳಿದ್ದು ನಮ್ಮವ್ವ ಅಂತ ಹೇಳಲು ಅವಳ ಬಾಯಿ ತೆರೆಯಿತು. ವ್ಯವಸಾಯ ಅಂದಿದ್ದು ನೆನಪಾಗಿ ಮುಚ್ಚಿಕೊಂಡಿತು. ಮೆಟ್ಟಿಲಿಳಿದು ಬರುವಾಗ ಅವಳಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ.

ಹೋಗುವುದಾದರೆ ಒಬ್ಬಳೇ ಹೋಗಬೇಕಿತ್ತು. ಅದೇ ಶನಿವಾರ ಬಿಡದಿಯ ಒಂದು ಹೊಸ ಕಾರ್ಖಾನೆಯವರು ಎಲ್ಲಾ ಕೆಲಸಗಾರರ ಫೋಟೋ ತೆಗೆಯಲು ಬರಹೇಳಿದ್ದರು. ಸೋಮವಾರ ಬರುತ್ತೇನೆ ಅಂದರೆ ಅಲ್ಲಿನ ಆಫೀಸರು, "ಸೋಮವಾರಕ್ಕೆ ಬೇರೆಯವರು ಬರ್ತಾರೆ" ಅಂದುಬಿಟ್ಟರು. ಮುನಿಕೃಷ್ಣನಿಗೆ ಎರಡನೇ ಪಾಳಿ, ರಜೆಯೂ ಇಲ್ಲ. ಧನಲಕ್ಷ್ಮಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅದನ್ನು ನೋಡಿ ಮುನಿಕೃಷ್ಣ ಅಂದ: "ಕಾರ್ಖಾನೆ ದಿನಾ ಏಳ್ತಾವೆ. ನಿಮ್ಮವ್ವ ಹೇಳಿದ ದಿನ ವರ್ಷಕ್ಕೊಂದೇ ಬರೋದು. ಅವ್ರನ್ನೇ ಕರ್ಕೊಂಡು ಹೋಗು."

ಆ ಆರ್ಡರು ಬೇರೆ ಸ್ಟುಡಿಯೋಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಅವ್ವ ಮಗಳು ಮೈಸೂರಿನ ರೈಲು ಹತ್ತಿದರು. ಚಿಕ್ಕಲಕ್ಷ್ಮಮ್ಮ ಹಸಿರು ಸೀರೆ ಉಟ್ಟು, ಬಟ್ಟೆ ಬ್ಯಾಗಿನಲ್ಲಿ ಮುದ್ದೆಗೆ ಬದಲು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದಳು. ಮೈಸೂರಿನಿಂದ ಗುಂಡ್ಲುಪೇಟೆ, ಅಲ್ಲಿಂದ ಊಟಿ ಬಸ್ಸಿನಲ್ಲಿ ಚೆಲುವಯ್ಯನ ಅಂಗಡಿ. ಅವನ ಹೆಂಡತಿ ಅಂಗಡಿಯ ಹಿಂದಿನ ಮನೆಯಲ್ಲೇ ಅವರಿಗೆ ಚಾಪೆ ಹಾಕಿಕೊಟ್ಟಳು.

ಶನಿವಾರ ಬೆಳಿಗ್ಗೆ ಆರು ಗಂಟೆಯ ಸಫಾರಿ ವ್ಯಾನಿನಲ್ಲಿ ಹತ್ತು ಜನ. ಬೆಂಗಳೂರಿನ ಎರಡು ಕುಟುಂಬದವರು, ಇಬ್ಬರು ಕಾಲೇಜು ಹುಡುಗರು, ಕಿಟಕಿ ಪಕ್ಕದ ಸೀಟಿನಲ್ಲಿ ಧನಲಕ್ಷ್ಮಿ, ಅವಳ ಪಕ್ಕ ಅವ್ವ. ಎಲ್ಲರಿಗೂ ಹುಲಿ ಬೇಕಿತ್ತು. ಡ್ರೈವರು ರಾಮಲಿಂಗಯ್ಯ ಅದಕ್ಕೆ ತಕ್ಕಂತೆ ಬೇಗ ಬೇಗ ಗಾಡಿ ಓಡಿಸುತ್ತಿದ್ದ. ಮುತ್ತುಗದ ಹೂ ಮುಕ್ಕಾಲು ಉದುರಿ ನೆಲದ ಮೇಲೆ ಕೆಂಪಗೆ ಬಿದ್ದಿತ್ತು. ರಸ್ತೆಯ ಎರಡೂ ಬದಿ ಸುಟ್ಟ ಪಟ್ಟಿ. ಧನಲಕ್ಷ್ಮಿ ಕಿಟಕಿಯಿಂದ ಬಗ್ಗಿ ನೋಡಿದಳು. ಇದ್ದಿಲು ಬಣ್ಣದ ಮಣ್ಣಿನಿಂದ ಗಿಣಿಹಸಿರು ಗರಿ ಎದ್ದಿತ್ತು. ಉದ್ದ ಅಂದರೆ ನಾಲ್ಕು ಬೆರಳು.

ಮೊದಲ ಒಂದು ಗಂಟೆ ಏನೂ ಕಾಣಲಿಲ್ಲ. ಒಂದು ತಿರುವಿನಲ್ಲಿ ಒಂದೇ ಒಂದು ಕಾಟಿ, ಅಂದರೆ ಕಾಡೆಮ್ಮೆ, ಪೊದೆಯಿಂದ ಹೊರಬಂದು ಸುಟ್ಟ ಪಟ್ಟಿಯ ಅಂಚಿನಲ್ಲಿ ನಿಂತಿತು. ಮುದಿ ಹೆಣ್ಣು ಕಾಟಿ. ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ರಾಮಲಿಂಗಯ್ಯ ಒಂದು ನಿಮಿಷ ನಿಲ್ಲಿಸಿದ. ಎಲ್ಲರೂ ನೋಡಿದರು. ಒಬ್ಬ ಹುಡುಗ, "ಬರೀ ಎಮ್ಮೆ ಕಣೋ, ಮುಂದೆ ಹೋಗೋಣ" ಅಂದ. ರಾಮಲಿಂಗಯ್ಯ ಗೇರ್ ಹಾಕಿದ.

"ಒಸಿ ತಡಿಯಪ್ಪ," ಅಂದಳು ಚಿಕ್ಕಲಕ್ಷ್ಮಮ್ಮ. ದನಿ ಜೋರಿರಲಿಲ್ಲ. ಆದರೆ ಮೂವತ್ತು ವರ್ಷ ನೂರು ದನಕ್ಕೆ ಮಾತಾಡಿದ ದನಿ ಅದು. ಗಾಡಿ ನಿಂತೇಬಿಟ್ಟಿತು.

"ಅದು ಒಂಟಿ ಅಲ್ಲ ಕಣಪ್ಪ. ಕಿವಿ ನೋಡು, ಒಂದು ನಮ್ಮ ಕಡೆ, ಒಂದು ಹಿಂದಕ್ಕೆ. ಮುಂದಾಳು ಅದು. ಜಾಗ ನೋಡಕ್ಕೆ ಬಂದೈತೆ. ಹಿಂದ್ಗಡೆ ಕರ ಇರೋರು ನಿಂತವ್ರೆ. ಇದು ತಲೆ ಬಗ್ಗಿಸಿ ಮೇಯಕ್ಕೆ ಶುರು ಮಾಡ್ತು ಅಂದ್ರೆ ಎಲ್ಲಾ ಬಂದ್ಬುಡ್ತವೆ. ಇಂಜಿನ್ ಆರ್ಸು."

ರಾಮಲಿಂಗಯ್ಯ ಹಿಂತಿರುಗಿ ಅವಳ ಮುಖ ನೋಡಿದ. ಇಂಜಿನ್ ಆರಿಸಿದ. "ಐದೇ ನಿಮಿಷ ಅಮ್ಮ" ಅಂದ.

ಆ ಐದು ನಿಮಿಷ ಧನಲಕ್ಷ್ಮಿಗೆ ಬಲು ಉದ್ದವಾಯಿತು. ಕ್ಯಾಮೆರಾದಲ್ಲಿ ಸ್ಲೈಡ್ ಫಿಲಂ, ಒಂದು ರೋಲಿಗೆ ಮೂವತ್ತಾರು ಚಿತ್ರ. ಹಿಂದಿನಿಂದ ಬಿಸಿಲು ಮರದ ಸಂದಿಯಲ್ಲಿ ಇಳಿಯತೊಡಗಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಬಿಚ್ಚಿದಾಗ ಚಿಕ್ಕಲಕ್ಷ್ಮಮ್ಮ ತಿರುಗಿ ಬರೀ ನೋಡಿದಳು, ಸದ್ದು ನಿಂತಿತು.

ಮುದಿ ಕಾಟಿ ತಲೆ ಬಗ್ಗಿಸಿತು.

ಪೊದೆ ಅಲುಗಿತು. ಒಂದು ಬಂತು, ಮೂರು ಬಂದವು, ಆಮೇಲೆ ಲೆಕ್ಕ ತಪ್ಪಿತು. ಇಪ್ಪತ್ತಕ್ಕೂ ಮಿಕ್ಕಿದ ಹಿಂಡು ಕಪ್ಪು ನೆಲದ ಮೇಲೆ ಹರಡಿ ಹುಲ್ಲಿಗೆ ಬಾಯಿ ಹಾಕಿತು. ನಡುವೆ ಒಂದು ಕರು, ಹುಟ್ಟಿ ತಿಂಗಳೂ ಆಗಿರದು, ಬೆಲ್ಲದ ಬಣ್ಣ. ಅದು ತಾಯಿಯ ಹೊಟ್ಟೆಯ ಕೆಳಗಿನಿಂದ ಮುಂದೆ ಬಂದು ಒಂದು ಎಸಳು ಕಿತ್ತು, ಅದನ್ನೇನು ಮಾಡಬೇಕೆಂದು ತಿಳಿಯದೆ ಬಾಯಲ್ಲಿ ಕಚ್ಚಿಕೊಂಡೇ ತಲೆಯೆತ್ತಿ ವ್ಯಾನಿನ ಕಡೆ ನೋಡಿತು. ಹಿಂದಿನಿಂದ ತಾಯಿ ಅದರ ಕಿವಿ ನೆಕ್ಕಿತು. ಬಿಸಿಲು ಕರುವಿನ ಬೆನ್ನಿನ ರೋಮದ ಮೇಲೆ ಬಿದ್ದಿತ್ತು.

ಧನಲಕ್ಷ್ಮಿ ಒತ್ತಿದಳು. ಒಂದು, ಇನ್ನೊಂದು, ಮತ್ತೆ ಮೂರು. ರೋಲು ಮುಗಿಯಿತು. ಅವ್ವ ಕ್ಯಾಮೆರಾ ಹಿಡಿದುಕೊಂಡಳು, ಮಗಳು ಫಿಲಂ ತೂರಿಸಿದಳು. ಎಮ್ಮೆ ಅಂದಿದ್ದ ಹುಡುಗ ಉಸಿರು ಬಿಡದೆ ಕಿಟಕಿಗೆ ಅಂಟಿಕೊಂಡಿದ್ದ. ಐದು ನಿಮಿಷ ಅಂದಿದ್ದ ರಾಮಲಿಂಗಯ್ಯ ಮುಕ್ಕಾಲು ಗಂಟೆ ಗಾಡಿ ತೆಗೆಯಲಿಲ್ಲ.

ಇಳಿಯುವಾಗ ಅವನು ಚಿಕ್ಕಲಕ್ಷ್ಮಮ್ಮನಿಗೆ ಕೈ ಮುಗಿದ. "ಎಂಟು ವರ್ಷದಿಂದ ಈ ದಾರೀಲಿ ಓಡಿಸ್ತಾ ಇದೀನಿ ಅಮ್ಮ. ಆ ಕಿವಿ ವಿಷ್ಯ ನಂಗೆ ಗೊತ್ತಿರಲಿಲ್ಲ."

"ಗೊತ್ತಿರಾಕೆ ನೀನು ದನ ಕಾಯ್ದಿದ್ದೀಯೇನಪ್ಪ?" ಅಂದಳು ಅವಳು. ತಮಾಷೆಯಾಗಿ ಅಲ್ಲ, ನಿಜವಾಗಿಯೇ ಕೇಳಿದಳು.

ಸ್ಲೈಡುಗಳು ಬೆಂಗಳೂರಿನ ಲ್ಯಾಬಿನಿಂದ ತೊಳೆದು ಬರುವಷ್ಟರಲ್ಲಿ ಯುಗಾದಿ ಕಳೆದಿತ್ತು. ಸಂಘದವರು ಬಂಡೀಪುರದಿಂದ ವಾಪಸಾಗಿದ್ದರು. ಅವರ ಹದಿಮೂರು ಕ್ಯಾಮೆರಾಗಳಿಗೆ ಒಂದು ಕಾಡುಹಂದಿ, ಕೆಲವು ಜಿಂಕೆ ಮತ್ತು ಮುಂದಿನ ಜೀಪುಗಳ ಸಾಲು ಸಿಕ್ಕಿತ್ತು. ಅನಂತರಾಜು ಏನೋ ಕೆಲಸಕ್ಕೆ ಚನ್ನಪಟ್ಟಣಕ್ಕೆ ಬಂದವರು ಸ್ಟುಡಿಯೋಗೆ ಬಂದರು. ನೆಗೆಟಿವ್ ತಿದ್ದಲು ಖಾಸಿಂ ಸಾಬರು ಮಾಡಿಸಿದ್ದ ಹಾಲುಗಾಜಿನ ದೀಪದ ಪೆಟ್ಟಿಗೆ ಮೇಲೆ ಸ್ಲೈಡುಗಳಿದ್ದವು. ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಇದು ಯಾವ ಕಾಡಮ್ಮ?"

"ಅದೇ ಸಾರ್, ಬಂಡೀಪುರ. ನೀವು ಹೋಗೋಕೆ ಐದು ದಿನ ಮುಂಚೆ."

"ಅದೇ ದಿನ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಹೊರಗೆ ಫೋಟೋಗೆ ಬಂದ ಇಬ್ಬರು ಹುಡುಗರು ಕಾಯುತ್ತಿದ್ದರು, ಅವರಿಗೂ ಕೇಳಿಸುವಂತಿತ್ತು. ಧನಲಕ್ಷ್ಮಿ ದನಿ ಇಳಿಸಲಿಲ್ಲ.

"ನಮ್ಮವ್ವ ಅಕ್ಕೂರಲ್ಲಿ ಮೂವತ್ತು ವರ್ಷ ದನ ಕಾಯ್ದಿದ್ದಾರೆ ಸಾರ್. ಈ ದಿನ ಹೇಳಿದ್ದು ಅವರು. ಗಾಡಿ ನಿಲ್ಲಿಸಿದ್ದೂ ಅವರೇ. ನಾನು ಬಟನ್ ಒತ್ತಿದ್ದೀನಿ ಅಷ್ಟೇ."

ಅಷ್ಟು ಹೇಳಿದ ಮೇಲೆ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಮೂರು ವರ್ಷದಿಂದ ಆ ಮಾತನ್ನು ಎಲ್ಲಿ ಅಡಗಿಸಿಟ್ಟುಕೊಂಡಿದ್ದೆ, ಯಾಕೆ ಅಡಗಿಸಿಟ್ಟುಕೊಂಡಿದ್ದೆ ಅಂತ ಅವಳಿಗೇ ಆಶ್ಚರ್ಯ. ಅನಂತರಾಜು ಕನ್ನಡಕ ತೆಗೆದು ಒರೆಸಿಕೊಂಡರು. "ಅದೃಷ್ಟ ಅಂದಿದ್ದೆ ನಾನು. ತಪ್ಪಾಯ್ತು" ಅಂದರು. ಅವರು ತಪ್ಪಾಯ್ತು ಅನ್ನುವುದನ್ನು ಸಂಘದಲ್ಲಿ ಯಾರೂ ಕೇಳಿರಲಿಲ್ಲ. ಚಿತ್ರವನ್ನು ಅವರೇ ದೊಡ್ಡದು ಮಾಡಿಸಿ, ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಕಳಿಸಿದರು. ಅಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಚಿತ್ರದ ಕೆಳಗಿನ ಚೀಟಿಯಲ್ಲಿ ಹೆಸರು ಏನು ಬರೆಯಬೇಕು ಅಂತ ಕೇಳಿದಾಗ ಧನಲಕ್ಷ್ಮಿ ಎರಡು ಹೆಸರು ಕೊಟ್ಟಳು. ಒಂದೇ ಹೆಸರು ಹಾಕುವುದು ಪದ್ಧತಿ ಅಂದರು. "ಹಂಗಾದ್ರೆ ಧನಲಕ್ಷ್ಮಿ ಚಿಕ್ಕಲಕ್ಷ್ಮಮ್ಮ ಅಂತ ಒಟ್ಟಿಗೆ ಬರೀರಿ ಸಾರ್, ಒಂದೇ ಹೆಸರಾಗುತ್ತೆ" ಅಂದಳು. ಹಾಗೇ ಬರೆದರು.

ಮಾರನೇ ವರ್ಷ ಮಾರ್ಚಿನಲ್ಲಿ ಅನಂತರಾಜು ಕಾರಿನಲ್ಲಿ ಅಕ್ಕೂರಿಗೆ ಬಂದರು. ಊರಿನ ದೊಡ್ಡ ಹಿಡುವಳಿದಾರ ಮರಿಯಪ್ಪ, ಒಂದು ಕಾಲಕ್ಕೆ ಚಿಕ್ಕಲಕ್ಷ್ಮಮ್ಮ ಯಾರ ದನ ಕಾದಿದ್ದಳೋ ಆತ, ಕಾರು ತನ್ನ ಮನೆಗೇ ಬಂತೆಂದು ಜಗಲಿಯಿಂದ ಎದ್ದು ನಿಂತ. ಕಾರು ಅವನನ್ನು ದಾಟಿ ಮುಂದಿನ ಕೇರಿಗೆ ಹೋಗಿ ನಿಂತಿತು. ಚಿಕ್ಕಲಕ್ಷ್ಮಮ್ಮ ಕುರ್ಚಿ ತಂದಿಟ್ಟಳು. ಅನಂತರಾಜು ಕೂರುವ ಮೊದಲೇ, "ಅಮ್ಮ, ಈ ವರ್ಷ ಯಾವಾಗ ಹೋಗೋಣ?" ಎಂದು ಕೇಳಿದರು.

"ಕೂತ್ಕಳಿ ಸ್ವಾಮಿ, ಮಳೇನೇ ಇನ್ನೂ ಒಂದು ಬಂದಿಲ್ಲ. ನೀರು ಕುಡೀರಿ. ಚೆಲುವಯ್ಯಂಗೆ ಫೋನ್ ಹಾಕಿದ್ರಾ?"

ಆ ವರ್ಷ ಸಂಘದವರು ಅವಳು ಹೇಳಿದ ದಿನಕ್ಕೇ ಹೋದರು. ಗುರುವಾರವಾಗಿತ್ತು, ರಜೆಯೂ ಅಲ್ಲ. ಹನ್ನೆರಡು ಜನ ಗಂಡಸರು ಆಫೀಸಿಗೆ ಸುಳ್ಳು ಹೇಳಿ ಬಂದಿದ್ದರು. ವ್ಯಾನಿನ ಮುಂದಿನ ಸೀಟನ್ನು ಯಾರೂ ಹೇಳದೇ ಚಿಕ್ಕಲಕ್ಷ್ಮಮ್ಮನಿಗೆ ಬಿಟ್ಟಿದ್ದರು.

ಅದೇ ಬೇಸಿಗೆಯಲ್ಲಿ ಧನಲಕ್ಷ್ಮಿ ಸ್ಟುಡಿಯೋದ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದಳು. ಪಾಸ್‌ಪೋರ್ಟ್, ಮದುವೆ, ಸೀಮಂತ ಅಂತ ಇದ್ದದ್ದರ ಕೆಳಗೆ 'ಪ್ರಾಣಿ ಛಾಯಾಗ್ರಹಣ' ಅಂತ ಸೇರಿಸಿದಳು. ಬರೆಯುತ್ತಿದ್ದ ಮುನಾವರ್ ಏಣಿ ಮೇಲಿಂದಲೇ, "ಅಕ್ಕ, ಇದಕ್ಕೆ ಯಾರು ಬರ್ತಾರೆ?" ಅಂದ. ಬಣ್ಣ ಒಣಗಿ ಎರಡೇ ದಿನಕ್ಕೆ ಮಾಗಡಿ ಕಡೆಯ ರೈತನೊಬ್ಬ ತನ್ನ ಜೋಡಿ ಹಳ್ಳಿಕಾರ್ ಎತ್ತುಗಳನ್ನು ಟೆಂಪೋದಲ್ಲಿ ಏರಿಸಿಕೊಂಡು ಬಂದ. ಕೊಂಬಿಗೆ ಹಿತ್ತಾಳೆ ಕಳಸ, ಕೊರಳಿಗೆ ಗೆಜ್ಜೆ. ಸ್ಟುಡಿಯೋದೊಳಗೆ ಅವು ಹಿಡಿಸುವಂತಿರಲಿಲ್ಲ. ಧನಲಕ್ಷ್ಮಿ ಸ್ಟೇಷನ್ ರಸ್ತೆಯ ಹುಣಸೆಮರದ ಕೆಳಗೆ ಅವನ್ನು ನಿಲ್ಲಿಸಿದಳು. ಆಟೋಗಳು ನಿಂತವು, ಜನ ಸೇರಿದರು. ಆ ದಿನ ಸಂತೆಗೆ ಬಂದಿದ್ದ ಚಿಕ್ಕಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಎಡಗಡೆ ಎತ್ತಿನ ಮುಂಗಾಲನ್ನು ಮುಟ್ಟಿ ಅರ್ಧ ಗೇಣು ಹಿಂದಕ್ಕೆ ಸರಿಸಿ ಬದಿಗೆ ನಿಂತಳು.

"ಈಗ ತೆಗಿ ಮಗಾ," ಅಂದಳು.